ಕರೋಶಿಯ ರೇಡಿಯೋ ಗತ್ತು

ಸತ್ತೆಪ್ಪನ ಅಪ್ಪ ಸನಾದಿ ಊದುತ್ತಿದ್ದ. ಊದುವುದು ಎಂದರೆ ಊರ ದೊಡ್ಡವರ ಮದುವೆಯಲ್ಲಿ ಹಂದರದ ಹೊರಗೆ, ಚಪ್ಪಲಿ ಬಿಟ್ಟ ಜಾಗದ ಪಕ್ಕದಲ್ಲಿ ಕೂತು ಊದುವುದು. ಒಳಗಿದ್ದವರಿಗೆ ಸನಾದಿ ಬೇಕಿತ್ತು, ಊದುವವನು ಬೇಕಿರಲಿಲ್ಲ. ಇದನ್ನು ನೋಡುತ್ತಲೇ ಬೆಳೆದ ಸತ್ತೆಪ್ಪ ಸನಾದಿಗೆ ಬಾಯಿ ಹಚ್ಚಲಿಲ್ಲ. ಅಪ್ಪ ಬೈದ, ಹೊಡೆದ. ಹುಡುಗ ಜಗ್ಗಲಿಲ್ಲ.

"ನಾ ನಿಂತ ಬಾರಸೂದನ್ನ ಕಲೀತೀನಿ" ಅಂದ.

"ನಿಂಗ ಯಾಂವ ಕಲಸ್ತಾನಲೇ?"

ಹುಡುಗ ಪಂಚಾಯಿತಿ ಕಟ್ಟೆಯ ಕಡೆ ಕೈ ಮಾಡಿದ.

ಕರೋಶಿಯ ಪಂಚಾಯಿತಿ ಕೋಣೆಯಲ್ಲಿ ಒಂದು ರೇಡಿಯೋ ಇತ್ತು. ಅದರ ಭೋಂಗಾವನ್ನು, ತುತ್ತೂರಿ ಬಾಯಿಯ ಧ್ವನಿವರ್ಧಕವನ್ನು, ಹೊರಗಿನ ಬೇವಿನ ಮರಕ್ಕೆ ಕಟ್ಟಿದ್ದರು. ಸಂಜೆಯಾದರೆ ಊರಿಗೆಲ್ಲ ಕೇಳುತ್ತಿತ್ತು. ಮನೆಯಲ್ಲಿ ರೇಡಿಯೋ ಇದ್ದವರು ಊರಲ್ಲಿ ನಾಲ್ಕೈದು ಮಂದಿ, ಆದರೆ ಆ ಮನೆಗಳ ಹೊಸ್ತಿಲು ಸತ್ತೆಪ್ಪನದಲ್ಲ. ಬೇವಿನ ಮರದ ಭೋಂಗಾ ಮಾತ್ರ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಅದರ ಎದುರಿಗೆ, ರಸ್ತೆಯ ಈಚೆಗೆ ನಿಂತು ಅವನು ಹಾಡು ಕಲಿತ. ಕಿವಿಯಿಂದ ಕೈಗೆ. ನಡುವೆ ಗುರು ಇಲ್ಲ, ಸರಿಗಮ ಇಲ್ಲ.

ಆ ರೇಡಿಯೋಕ್ಕೆ ಒಂದು ರೋಗವಿತ್ತು. ಸ್ಟೇಷನ್ ಹಿಡಿಯುವ ಮುಳ್ಳನ್ನು ಎಳೆಯುವ ದಾರ ಸಡಿಲಾಗಿ, ಮುಳ್ಳು ಎರಡು ಸ್ಟೇಷನ್ನುಗಳ ನಡುವೆ ಕೂತುಬಿಟ್ಟಿತ್ತು. ಒಂದು ಗಡಿಯ ಆಚೆಯ ಮರಾಠಿ ಸ್ಟೇಷನ್, ಒಂದು ಈಚೆಯ ಕನ್ನಡದ್ದು. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ಯಾರೂ ರಿಪೇರಿ ಮಾಡಿಸಲಿಲ್ಲ, ಯಾಕೆಂದರೆ ಯಾರಿಗೂ ಅದು ರೋಗ ಅನ್ನಿಸಲಿಲ್ಲ. ಊರಿನವರು ಮಾತಾಡುವುದೇ ಹಾಗೆ. ಅರ್ಧ ಮಾತು ಕನ್ನಡದಲ್ಲಿ ಎತ್ತಿ ಅರ್ಧ ಮರಾಠಿಯಲ್ಲಿ ಇಳಿಸುವವರಿಗೆ ರೇಡಿಯೋ ಹಾಗೆ ಮಾತಾಡಿದರೆ ಏನು ವಿಚಿತ್ರ?

ಆಚೆಯ ಸ್ಟೇಷನ್ನಿನಲ್ಲಿ ಶನಿವಾರ ಸಂಜೆ ಕೇಳುಗರು ಬಯಸಿದ ಹಾಡು ಹಾಕುತ್ತಿದ್ದರು. ಆ ವರ್ಷ ಮುಂಬಯಿಯ ಯಾವುದೋ ಸಿನಿಮಾದ ಒಂದು ಹಾಡು ವಾರ ವಾರ ಮೊದಲನೆಯದಾಗಿ ಬಂತು. ಸಿನಿಮಾ ಬಿದ್ದುಹೋಗಿ ನಮ್ಮ ಕಡೆಯ ಟೆಂಟಿಗೆ ಬರಲೇ ಇಲ್ಲ, ಹಾಡು ಮಾತ್ರ ಬಂತು. ಅಪ್ಪಟ ರಾಕ್ ಅಂಡ್ ರೋಲ್. ಗಿಟಾರು ಕಿರುಚಾಡುತ್ತದೆ, ಪಿತ್ತಾಳೆಯ ವಾದ್ಯ ಕೆನೆಯುತ್ತದೆ, ತಾಳ ಕೇಳಿದರೆ ಮುದುಕಿಯ ಸೊಂಟವೂ ಸುಮ್ಮನಿರುವುದಿಲ್ಲ. ಆದರೆ ಅದೇ ಹೊತ್ತಿಗೆ ಈಚೆಯ ಸ್ಟೇಷನ್ನಿನಲ್ಲಿ ರೈತರ ಕಾರ್ಯಕ್ರಮ ಶುರುವಾಗುತ್ತಿತ್ತು. ಅದರ ಆರಂಭದ ನಾದ ಕೊಳಲಿನದು, ತಣ್ಣಗಿನದು, ಬಿತ್ತುವವನ ಹೆಜ್ಜೆಯ ಹಾಗೆ ಸಾವಕಾಶದ್ದು. ಹಾಡು ಉಕ್ಕಿ ಉಕ್ಕಿ ನೆತ್ತಿಗೇರುವಾಗ ಮುಳ್ಳು ಈಚೆಗೆ ವಾಲುತ್ತಿತ್ತು. ಗಿಟಾರು ಮುಳುಗಿ ಕೊಳಲು ಬರುತ್ತಿತ್ತು. ಕೊಳಲು ನಾಲ್ಕು ಸುತ್ತು ಬಂದು ಮುಗಿದ ಕೂಡಲೇ ಗಿಟಾರು ಮತ್ತೆ ಒದ್ದುಕೊಂಡು ಏಳುತ್ತಿತ್ತು.

ಸತ್ತೆಪ್ಪ ಅದನ್ನೇ ಕಲಿತ. ಎರಡನ್ನೂ ಕೂಡಿಸಿ, ಒಂದೇ ಹಾಡು ಎಂದು ತಿಳಿದು.

ಆಮೇಲೆ ಬೆಂಜೋ ಬಂತು. ಬೆಂಜೋ ಎಂದರೆ ಹಲಗೆಯ ಮೇಲೆ ತಂತಿ ಬಿಗಿದು, ಟೈಪ್‌ರೈಟರಿನಂಥ ಗುಂಡಿ ಕೂರಿಸಿದ ವಾದ್ಯ. ಎಡಗೈ ಗುಂಡಿ ಒತ್ತಬೇಕು, ಬಲಗೈ ತಂತಿ ಮೀಟಬೇಕು. ಅದಕ್ಕೆ ಕರೆಂಟು ಕೊಟ್ಟು ಭೋಂಗಾಕ್ಕೆ ಜೋಡಿಸಿದರೆ ಮೂರು ಊರಿಗೆ ಕೇಳುತ್ತದೆ. ಸತ್ತೆಪ್ಪ, ಢೋಲಿನ ಅಣ್ಣಾಸಾಬ, ಎರಡು ಕಡ್ಡಿಯಿಂದ ಬಡಿಯುವ ತಾಸೆಯ ಬೀರದೇವ ಕೂಡಿ 'ಆಕಾಶ ಬೆಂಜೋ ಪಾರ್ಟಿ, ಕರೋಶಿ' ಎಂದು ಬೋರ್ಡು ಬರೆಸಿದರು. ಮೆರವಣಿಗೆಯಲ್ಲಿ ಪಾರ್ಟಿ ಟ್ರಾಕ್ಟರಿನ ಹಿಂದಿನ ಡಬ್ಬಿಯ ಮೇಲೆ ನಿಲ್ಲುತ್ತಿತ್ತು. ಅಪ್ಪ ಚಪ್ಪಲಿಯ ಪಕ್ಕದಲ್ಲಿ ಕೂತ ಊರುಗಳಲ್ಲೇ ಮಗ ಎಲ್ಲರ ತಲೆಗಿಂತ ಮೇಲೆ ನಿಂತ. ಅಪ್ಪ ಒಂದೇ ಸಲ ನೋಡಲು ಬಂದ.

ಸತ್ತೆಪ್ಪನ ಆ ಹಾಡಿಗೆ ಜನ 'ರೇಡಿಯೋ ಗತ್ತು' ಎಂದು ಹೆಸರಿಟ್ಟರು; ಗತ್ತು ಎಂದರೆ ವಾದ್ಯದವರ ಮಾತಿನಲ್ಲಿ ಬಾರಿಸುವ ಧಾಟಿ. ಅದರ ಜೊತೆಗೆ ಒಂದು ಕುಣಿತವೂ ತಾನಾಗಿ ಹುಟ್ಟಿತು. ಗಿಟಾರಿನ ಭಾಗಕ್ಕೆ ಹುಚ್ಚೆದ್ದು ಕುಣಿಯುವುದು. ಕೊಳಲಿನ ಭಾಗ ಬಂತೆಂದರೆ ಇಡೀ ರಸ್ತೆ ಕುಕ್ಕರುಗಾಲಿನಲ್ಲಿ ಕೂತುಬಿಡುವುದು, ಕೂತಲ್ಲೇ ಬಿತ್ತುವ ಹಾಗೆ ಕೈಯಾಡಿಸುವುದು. ಗಿಟಾರು ಎದ್ದ ಕ್ಷಣ ಎಲ್ಲರೂ ಹೋ ಎಂದು ಜಿಗಿಯುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ಹೀಗೇ ಕುಣಿದರು. ಹೇಳಿಕೊಟ್ಟವರು ಯಾರೂ ಇಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಯಾರೋ ನಿಪ್ಪಾಣಿಯಿಂದ ಆ ಸಿನಿಮಾದ ಕ್ಯಾಸೆಟ್ ತಂದು ಹಾಕಿದರು. ಅದರಲ್ಲಿ ಕೊಳಲು ಇರಲಿಲ್ಲ. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು.

"ಟೇಪ್ ಉಳಸಾಕ ಬಿತ್ತೂ ಭಾಗಾ ಕತ್ತರಿಸ್ಯಾರ ಮಕ್ಕಳು!" ಅಂದ ಅಣ್ಣಾಸಾಬ.

ಸತ್ತೆಪ್ಪನೂ ನಕ್ಕ. ಐದು ತಾಲೂಕು ಅವನ ಕಡೆ ಇತ್ತು. ಕ್ಯಾಸೆಟ್ಟು ಸುಳ್ಳು.

ಕಬ್ಬಿನ ದರಕ್ಕಾಗಿ ರಾಯಬಾಗದ ಹೊರಗೆ ರಸ್ತೆ ತಡೆದ ದಿನ ರೈತರು ಅವನನ್ನು ಬೆಂಜೋ ಸಮೇತ ಎತ್ತಿಕೊಂಡು ಹೋಗಿದ್ದರು. ಪೊಲೀಸರು ಬಂದ ಕೂಡಲೇ ಸತ್ತೆಪ್ಪ ಕೊಳಲಿನ ಭಾಗ ಎತ್ತಿದ. ಸಾವಿರಾರು ಜನ ದಪ್ಪನೆ ಕೂತರು. ಇನ್ಸ್‌ಪೆಕ್ಟರು ಏಳ್ರಿ ಏಳ್ರಿ ಎಂದು ಲಾಠಿ ತಿರುಗಿಸಿದ.

"ಗಿಟಾರ್ ಬರೂತನಾ ಏಳೂ ಪದ್ಧತಿ ಇಲ್ರಿ ಸಾಹೇಬ್ರ!" ಅಂದ ಮುಂದೆ ಕೂತಿದ್ದ ಒಬ್ಬ.

ಸತ್ತೆಪ್ಪ ಗಿಟಾರು ತರಲೇ ಇಲ್ಲ. ಮಧ್ಯಾಹ್ನದವರೆಗೆ ಕೊಳಲನ್ನೇ ತಿರುಗಿಸಿ ತಿರುಗಿಸಿ ಬಾರಿಸಿದ. ದರ ಏರಲಿಲ್ಲ. ಹೋರಾಟಗಾರರು ಆಮೇಲೆ ಪಕ್ಷಕ್ಕೊಬ್ಬರಂತೆ ಹಂಚಿಹೋದರು. ಆದರೂ ಅಂದು ಜನ ಕೂತಿದ್ದರು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಡಿಜೆ ಬಂತು. ಒಬ್ಬ ಹುಡುಗ ಗುಂಡಿ ಒತ್ತಿದರೆ ಮನೆಯ ಗೋಡೆ ಅಲುಗುವಾಗ ಮೂರು ಮಂದಿ ಯಾಕೆ ಬೇಕು? ಪಾರ್ಟಿಯ ಬೋರ್ಡು ಸತ್ತೆಪ್ಪನ ಕೋಳಿಗೂಡಿಗೆ ಬಾಗಿಲಾಯಿತು. ಅಣ್ಣಾಸಾಬ ಸಕ್ಕರೆ ಕಾರ್ಖಾನೆಯ ಗೇಟು ಕಾಯಲು ಹೋದ. ಬೀರದೇವ ತನ್ನ ಕುರಿಗಳಿಗೆ ಮರಳಿದ. ಸತ್ತೆಪ್ಪನ ಹೆಂಡತಿ ಮಲಕವ್ವ ಆಡು ಕಟ್ಟಿದ್ದಳು, ಅವನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋಗುವುದು ಅವನ ಕೆಲಸವಾಯಿತು.

ಗುಡ್ಡದಲ್ಲಿ ಜೊತೆಗಿದ್ದುದು ಕಿಸೆಯ ರೇಡಿಯೋ. ಅದೂ ಕೈಬಿಡುತ್ತಾ ಬಂತು. ಮೊದಲು ಆಚೆಯ ಸ್ಟೇಷನ್ನಿನ ದನಿ ತೆಳ್ಳಗಾಯಿತು, ಒಂದು ದಿನ ಬರಲೇ ಇಲ್ಲ. ಆಮೇಲೆ ಈಚೆಯದು. ಎರಡೂ ಈಗ ಮೊಬೈಲಿನಲ್ಲಿ ಬರುತ್ತವೆ ಎಂದು ಯಾರೋ ಹೇಳಿದರು. ಬರಬಹುದು. ಆದರೆ ಮೊಬೈಲಿನಲ್ಲಿ ಒಂದು ಬಂದರೆ ಒಂದೇ ಬರುತ್ತದೆ. ಒಂದರೊಳಗೆ ಇನ್ನೊಂದು ತಲೆ ತೂರಿಸುವುದಿಲ್ಲ. ಸತ್ತೆಪ್ಪ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದ. ಹೊಲದ ಪಂಪ್‌ಸೆಟ್ಟಿನ ತಂತಿಯ ಗುಂಯ್ ಬಿಟ್ಟರೆ ಏನೂ ಇಲ್ಲ.

"ಮಂದಿ ಹೆಣಾ ಒಮ್ಮೆ ಮಣ್ಣ ಮಾಡಿ ಬಿಡ್ತಾರ. ನೀವ ನೋಡಿದ್ರ ದಿನಾ ತಗದ ನಾಡಿ ಹಿಡೀತೀರಿ" ಅನ್ನುತ್ತಿದ್ದಳು ಮಲಕವ್ವ.

"ಗಾಳ್ಯಾಗ ಎಲ್ಲೆರ ಇದ್ದೀತ ಬೇ."

"ಗಾಳ್ಯಾಗ ಇರ್ಲಿ. ಆ ಕರೀ ಆಡ ಬಾಜೂ ಹೊಲದ ಅಣ್ಣಪ್ಪನ ಗೋಂಜಾಳದ ಬೆಳ್ಯಾಗ ಐತಿ, ಅದನ್ನಟು ಹಿಡೀರಿ."

ಹೀಗಿರುವಾಗ ಕಾಗವಾಡದ ಕಾಕಾಸಾಹೇಬನ ಫೋನು ಬಂತು. ಕಾಕಾಸಾಹೇಬ ಜೈನರಲ್ಲಿ ದೊಡ್ಡ ಒಕ್ಕಲು, ದ್ರಾಕ್ಷಿ ತೋಟದ ಧಣಿ. ಪ್ರಾಯದಲ್ಲಿ ಅವನ ಮದುವೆಯ ಮೆರವಣಿಗೆಗೆ ಇದೇ ಪಾರ್ಟಿ ಹೋಗಿತ್ತು. ಈಗ ಅವನ ಕಿರಿಯ ಮಗ ಕುಣಾಲನ ಮದುವೆ.

"ಸತ್ತೆಪ್ಪಾ, ಅದೀಯೋ, ಹೋದ್ಯೋ?"

"ಅದೀನ್ರಿ ಸಾವಕಾರ್ರ."

"ಬೆಂಜೋ?"

"ಅದೂ ಐತ್ರಿ."

"ಮತ್ತೇನ! ಬಂದ ಬಿಡು. ವರಾತದ ಮೆರವಣಿಗ್ಯಾಗ ರೇಡಿಯೋ ಗತ್ತ ಆಗಬೇಕ ನೋಡು. ಡಿಜೆ ಹುಡುಗೂರ ಹಟಾ, ಅದೂ ಇರತೈತಿ. ಆದರ ಮುಂದ ನೀನ."

ಆ ರಾತ್ರಿಯೇ ಸತ್ತೆಪ್ಪ ಬೆಂಜೋ ಕೆಳಗಿಳಿಸಿ ಧೂಳು ಒರೆಸಿದ. ಅವನಿಗೆ ಬೇಕಿದ್ದುದು ಒಂದೇ. ಗತ್ತು ಇನ್ನೊಮ್ಮೆ ರಸ್ತೆಗೆ ಬರಬೇಕು, ಜನ ಕೂರಬೇಕು. ಕೂತವರಲ್ಲಿ ನಾಲ್ಕು ಹುಡುಗರಾದರೂ ಅದನ್ನು ಕಿವಿಯಲ್ಲಿ ಇಟ್ಟುಕೊಂಡು ಹೋದರೆ ಅದು ಉಳಿಯುತ್ತದೆ. ಕಲಿಸಿದ ರೇಡಿಯೋ ಸತ್ತಿದೆ. ಕ್ಯಾಸೆಟ್ಟಿನಲ್ಲಿ ಅದಿಲ್ಲ. ಭೂಮಿಯ ಮೇಲೆ ಅದಿರುವುದು ಅವನ ಹತ್ತು ಬೆರಳಿನಲ್ಲಿ ಮಾತ್ರ, ಆ ಬೆರಳುಗಳಲ್ಲೂ ಎರಡಕ್ಕೆ ವಾತ ಹಿಡಿದಿದೆ.

ಅಣ್ಣಾಸಾಬ ಕಾರ್ಖಾನೆಗೆ ರಜೆ ಹಾಕಿದ. ಬೀರದೇವ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದ. ಗುಡ್ಡದ ಮೇಲೆ ಆಡುಗಳ ನಡುವೆ ಮೂವರೂ ತಾಲೀಮು ಮಾಡಿದರು. ಮೊದಲ ದಿನ ಸತ್ತೆಪ್ಪನ ಕೈ ಗುಂಡಿ ಮರೆಯಿತು, ಎರಡನೇ ದಿನ ನೆನಪಾಯಿತು. ಕೊಳಲಿನ ನಾಲ್ಕು ಸುತ್ತು ಸರಿಯಾಗಿ ಬಂದಾಗ ಅಣ್ಣಾಸಾಬ ತನಗೆ ತಾನೇ ಕುಕ್ಕರುಗಾಲಿನಲ್ಲಿ ಕೂತ.

"ಲೇ ಅಣ್ಯಾ, ಢೋಲ್ ಯಾರ ಬಾರಸ್ಬೇಕ? ನಿಮ್ಮಪ್ಪಾ?" ಬೀರದೇವ ಕೂಗಿದ.

"ತಡೀಲೇ, ಮಣಕಾಲ ಹಿಡದಾವು. ಕೈ ಕೊಡು ಮದಲ."

ಮದುವೆಯ ದಿನ ಬೆಳಿಗ್ಗೆ ಕಾಗವಾಡದಲ್ಲಿ ಮೆರವಣಿಗೆ ಹೊರಟಿತು. ಮುಂದೆ ಸಣ್ಣ ಗಾಡಿಯ ಮೇಲೆ ಪಾರ್ಟಿ. ನಡುವೆ ಕುದುರೆಯ ಮೇಲೆ ಕುಣಾಲ. ಹಿಂದೆ ಲಾರಿಯ ತುಂಬ ಕಪ್ಪು ಪೆಟ್ಟಿಗೆಗಳ ಡಿಜೆ. ಬೆಂಜೋಕ್ಕೆ ಕರೆಂಟು ಆ ಲಾರಿಯ ಜನರೇಟರಿನಿಂದಲೇ, ಉದ್ದನೆಯ ವಾಯರ್ ಎಳೆದು ಕೊಟ್ಟಿದ್ದರು. ಡಿಜೆ ಇನ್ನೂ ಸುಮ್ಮನಿತ್ತು. ಕಾಕಾಸಾಹೇಬ ಜರತಾರಿ ಪೇಟ ಸುತ್ತಿಕೊಂಡು ಮುಂದೆ ಬಂದು ಕೈ ಎತ್ತಿದ.

ಸತ್ತೆಪ್ಪ ಗತ್ತು ಎತ್ತಿದ.

ಗಿಟಾರಿನ ಭಾಗ ಬೆಂಕಿಯ ಹಾಗೆ ಬಂತು. ವಾತದ ಬೆರಳು ಮಾತು ಕೇಳಿತು. ಹುಡುಗರು ಮೊಬೈಲು ಎತ್ತಿ ಹಿಡಿದು ಕುಣಿದರು. 'ಏ ಭಾರಿ!', 'ಏಕ್ ನಂಬರ್!' ಎಂದು ಸಿಳ್ಳೆ ಬಿತ್ತು. ಸತ್ತೆಪ್ಪನ ಎದೆ ತುಂಬಿತು. ಹಾಡು ನೆತ್ತಿಗೇರಿತು, ಅವನು ಕೊಳಲಿಗೆ ಇಳಿದ.

ಯಾರೂ ಕೂರಲಿಲ್ಲ.

ಹುಡುಗರು ಕುಣಿಯುತ್ತಿದ್ದ ಭಂಗಿಯಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ವಾಯರ್ ಕಿತ್ತಿರಬೇಕು ಎಂದುಕೊಂಡ ಒಬ್ಬ ಗಾಡಿಯ ಕೆಳಗೆ ಬಗ್ಗಿ ನೋಡಿದ. ಇಡೀ ರಸ್ತೆಯಲ್ಲಿ ಕೂತವನು ಕಾಕಾಸಾಹೇಬ ಒಬ್ಬನೇ. ಪೇಟ ಸುತ್ತಿದ ದೊಡ್ಡ ಮನುಷ್ಯ ನಡುರಸ್ತೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಿತ್ತುವ ಹಾಗೆ ಕೈಯಾಡಿಸಿದ. ಗಿಟಾರು ಎದ್ದಿತು. ಕಾಕಾಸಾಹೇಬನಿಗೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು. ಪೇಟ ಜಾರಿ ಬಿತ್ತು. ಬೀಗರ ಹೆಂಗಸರು ಸೆರಗಿನಲ್ಲಿ ನಕ್ಕರು, ಹುಡುಗರು ಸೆರಗಿಲ್ಲದೆ ನಕ್ಕರು.

ಕುಣಾಲನ ಗೆಳೆಯ ಭರತ ಎಂಬುವನು ಗಾಡಿಯ ಹತ್ತಿರ ಬಂದ. ಕೆಟ್ಟ ಹುಡುಗನೇನಲ್ಲ, ನಗುತ್ತಲೇ ಹೇಳಿದ.

"ಕಾಕಾ, ಹಾಡ ಭಾರಿ ಐತ್ರಿ. ಆದರ ನಡುವ ಏನೋ ತಪ್ಪಾಕತ್ತೈತಿ, ಚುಕ್ಯಾಕತ್ತೈತಿ."

"ಏನೂ ಚುಕ್ಕಿಲ್ಲಪಾ. ಅದು ಹಂಗs ಇರೂದ."

"ಇಲ್ರಿ, ಕೇಳ್ರಿ ಇಲ್ಲೆ." ಭರತ ಮೊಬೈಲಿನಲ್ಲಿ ಹಾಡು ಹುಡುಕಿ ಸತ್ತೆಪ್ಪನ ಕಿವಿಗೆ ಹಿಡಿದ.

ಹಾಡು ಹರಿಯಿತು. ಗಿಟಾರು ನೆತ್ತಿಗೇರಿತು. ಕೊಳಲು ಬರಬೇಕಾದ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಅವಳ ಸಾಲು ಮುಗಿದ ಮೇಲೆ ಗಿಟಾರು ತನ್ನ ದಾರಿ ಹಿಡಿಯಿತು. ಎಲ್ಲೂ ಕತ್ತರಿಯ ಗುರುತಿಲ್ಲ.

"ರೇಡಿಯೋದಾಗ ಹಂಗ ಬರತಿತ್ತ ತಮ್ಮಾ" ಅಂದ ಸತ್ತೆಪ್ಪ. "ಶನಿವಾರ ಶನಿವಾರ. ಬೇಕಾದ್ರ ಯಾರನೂ ಕೇಳು."

ಕೇಳಲು ಅಲ್ಲಿ ಯಾರಿದ್ದರು? ಅವನು ಕಾಕಾಸಾಹೇಬನ ಕಡೆ ನೋಡಿದ. ಕಾಕಾಸಾಹೇಬ ಪೇಟದ ಧೂಳು ಝಾಡಿಸುತ್ತಿದ್ದ. ಬೀಗರ ಎದುರು ಬಿದ್ದ ಮನುಷ್ಯ ಸಾಕ್ಷಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

"ಹುಡುಗೂರ ಅಂದಂಗ ಬಾರಿಸಿ ಬಿಡ ಸತ್ತೆಪ್ಪಾ. ಶುಭಕಾರ್ಯದಾಗ ವಾದಾ ಬ್ಯಾಡ."

ಕ್ಯಾಸೆಟ್ಟಿನಲ್ಲಿ ಇದ್ದುದೂ ಮೊಬೈಲಿನಲ್ಲಿ ಇದ್ದುದೂ ಒಂದೇ ಹಾಡು. ಅಂದು ಅದು ಸುಳ್ಳಾಗಿತ್ತು, ಇಂದು ನಿಜವಾಯಿತು. ಹಾಡು ಬದಲಾಗಿರಲಿಲ್ಲ. ತಲೆ ಎಣಿಕೆಯಲ್ಲಿ ಸತ್ತೆಪ್ಪ ಸೋತಿದ್ದ, ಅಷ್ಟೇ. ಚಳವಳಿಯಲ್ಲಿ ಇಂಥದ್ದನ್ನು ಅವನು ನೋಡಿದ್ದ. ನಿನ್ನೆ ಜೈ ಅಂದವರು ಮನೆಗೆ ಹೋದ ಮೇಲೆ ಬೇಡಿಕೆ ನ್ಯಾಯದ್ದೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ.

"ಇನ್ನೊಮ್ಮೆ ಹಚ್ಚು" ಅಂದ ಭರತನಿಗೆ. ಆ ಹೆಣ್ಣುಮಗಳ ಸಾಲನ್ನು ಎರಡು ಸಲ ಕೇಳಿದ. ಕೈ ಹಳೆಯದು, ಕಿವಿ ಇನ್ನೂ ಚುರುಕು. ಮೂರನೇ ಸಲಕ್ಕೆ ಬೆರಳಲ್ಲಿ ಬಂತು. ಹಾಡನ್ನು ಮೊದಲಿನಿಂದ ಎತ್ತಿ, ನಿಲ್ಲಿಸದೆ, ಸರಿಯಾಗಿ ಬಾರಿಸಿದ. ಹುಡುಗರು ಕೇಕೆ ಹಾಕಿದರು. ಭರತ ಬೆನ್ನು ತಟ್ಟಿದ. ಮೆರವಣಿಗೆ ಸರಾಗವಾಗಿ ಸಾಗಿತು.

ಬಸದಿಯ ತಿರುವು ದಾಟಿದ್ದೇ ತಡ, ಡಿಜೆಯವನು ಅದೇ ಹಾಡನ್ನು ತನ್ನ ಪೆಟ್ಟಿಗೆಗಳಲ್ಲಿ ಬಿಟ್ಟ. ಅದಕ್ಕೆ ಡಬ್ ಡಬ್ ಎಂದು ಬೇರೆ ತಾಳ ಸೇರಿಸಿದ್ದ. ಗುಂಡಿಗೆ ಬಾಯಿಗೆ ಬರುವಂಥ ಸದ್ದು. ಸತ್ತೆಪ್ಪನಿಗೆ ತನ್ನ ಬೆಂಜೋ ತನಗೇ ಕೇಳಲಿಲ್ಲ. ಆದರೂ ಕಾಕಾಸಾಹೇಬ 'ಮುಂದ ನೀನ' ಎಂದಿದ್ದನಲ್ಲ, ಕಲ್ಯಾಣ ಮಂಟಪದ ಬಾಗಿಲವರೆಗೆ ಕೈ ನಿಲ್ಲಿಸಲಿಲ್ಲ. ಅದೇ ಹಾಡು, ಸರಿಯಾದ ಹಾಡು, ಮತ್ತೆ ಮತ್ತೆ. ಅಲ್ಲಿ ಡಿಜೆ ನಿಂತ ಮೇಲೆ ಇವನ ಬೆರಳು ಇನ್ನೂ ಆಡುತ್ತಿತ್ತು. ಭೋಂಗಾದಿಂದ ಚಕಾರವಿಲ್ಲ.

"ವಾಯರ್ ಯಾವಾಗೋ ತಗದಾರಲೇ" ಅಂದ ಅಣ್ಣಾಸಾಬ. "ಜನರೇಟರಿಗೆ ಲೋಡ್ ಆಗತೈತಿ ಅಂತ, ಬಸದಿ ಹಂತೇಕs ಕಿತ್ತರು."

"ಮತ್ತ ಹೇಳಬಾರದೇನ?"

"ಕೂಗಿದ್ನಿ. ನಿನಗ ಕೇಳ್ತೇನ?"

ಕಾಕಾಸಾಹೇಬ ಮಂಟಪದ ಮೆಟ್ಟಿಲ ಮೇಲೆ ನಿಂತು, "ಭಾರಿ ಬಾರಿಸಿದಿ ಸತ್ತೆಪ್ಪಾ, ಹಳೇದೆಲ್ಲಾ ನೆನಪಾತು. ಉಂಡ ಹೋಗ್ರಿ" ಎಂದು ಒಳಗೆ ನಡೆದ. ಈಗ ಊಟ ಒಳಗೇ. ಮೇಜಿನ ಮೇಲೆ ಎಲ್ಲರ ಸಾಲಿನಲ್ಲಿ ಉಂಡರು, ಯಾರೂ ಏನೂ ಅನ್ನಲಿಲ್ಲ. ಜಿಲೇಬಿ ಎರಡು ಸಲ ಕೇಳಿ ಹಾಕಿದರು. ಅಪ್ಪನಿಗೆ ಸಿಗದ್ದು ಇದು. ಸತ್ತೆಪ್ಪ ತಿಂದ.

ಚಿಕ್ಕೋಡಿಯ ಬಸ್ಸಿನಲ್ಲಿ ಮೂವರೂ ಹಿಂದಿನ ಸೀಟಿನಲ್ಲಿ ಕೂತರು. ಬೆಂಜೋ ಸತ್ತೆಪ್ಪನ ತೊಡೆಯ ಮೇಲಿತ್ತು. ಹೊಳೆಯ ಸೇತುವೆ ದಾಟುವಾಗ, ಸುಮ್ಮನೆ, ತಂತಿ ಮುಟ್ಟದೆ ಗುಂಡಿಗಳ ಮೇಲೆ ಬೆರಳಾಡಿಸಿ ಗತ್ತನ್ನು ಮನಸ್ಸಿನಲ್ಲೇ ಎತ್ತಿದ. ಗಿಟಾರು ನೆತ್ತಿಗೇರಿತು. ಆಮೇಲೆ ಆ ಹೆಣ್ಣುಮಗಳು ಹಾಡಿದಳು.

ಮೊದಲಿಂದ ಎತ್ತಿದ. ಮತ್ತೆ ಅವಳೇ. ಕೊಳಲು ಎಲ್ಲಿಂದ ಶುರುವಾಗುತ್ತಿತ್ತು, ಮೇಲಿನಿಂದಲೋ ಕೆಳಗಿನಿಂದಲೋ, ಯಾವ ಬೆರಳು ಮೊದಲು? ಬೆರಳಿಗೆ ಗೊತ್ತಿರುವುದನ್ನು ತಲೆಯಿಂದ ಕೇಳಿದರೆ ಬೆರಳು ಹೇಳುವುದಿಲ್ಲ.

"ಬೀರ್ಯಾ, ಕೊಳಲಿನ ಭಾಗಾ ಒಂದೀಟ ಗುಣಗು."

ಬೀರದೇವ ಕಿಟಕಿಯಿಂದ ಮುಖ ತಿರುಗಿಸಿದ. "ಅಲ್ಲಿ ತಾಸೇಕ ಕೆಲಸಾ ಎಲ್ಲೈತಿ? ನಾ ಕಡ್ಡಿ ಬಗಲಾಗ ಹಿಡಕೊಂಡ ಬೀಡಿ ಹಚ್ಚತಿದ್ನಿ."

"ಅಣ್ಯಾ, ನೀ?"

"ನಾ ಕುಂದರೋರನ್ನ ನೋಡಕೋತ ನಿಂದರತಿದ್ನಿ." ಅಣ್ಣಾಸಾಬ ಬಾಯಿ ತೆರೆದು ಏನೋ ಹುಡುಕಿದ. ಬಂದದ್ದು ಆ ಹೆಣ್ಣುಮಗಳ ಸಾಲೇ. "ಇದಲ್ಲೇನ?"

"ಅದಲ್ಲ."

"ಮನೀಗೆ ಹೋದ ಮ್ಯಾಲೆ ನೆನಪಾಗತೈತಿ ಬಿಡು."

ಕರೋಶಿಯಲ್ಲಿ ಇಳಿದಾಗ ಹೊತ್ತು ಇನ್ನೂ ಇತ್ತು. ಮಲಕವ್ವ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ಮಂದಿ ಕುಂತರೇನ?"

"ಒಬ್ಬಾಂವ ಕುಂತಿದ್ದ."

ಅವನು ಬೆಂಜೋವನ್ನು ಜಂತಿಯ ಮೇಲಿಟ್ಟ. ಮನೆಗೆ ಬಂದ ಮೇಲೂ ನೆನಪಾಗಲಿಲ್ಲ, ಮರುದಿನ ಗುಡ್ಡದ ಮೇಲೂ ಆಗಲಿಲ್ಲ. ಆ ವಾರವೆಲ್ಲ ಎದುರಿಗೆ ಸಿಕ್ಕ ಹಳಬರನ್ನು ಕೇಳಿದ. ಎಲ್ಲರೂ ಕೂತದ್ದನ್ನು ಹೇಳಿದರು, ಜಿಗಿದದ್ದನ್ನು ಹೇಳಿದರು, ಯಾರ ಧೋತರ ಹರಿದಿತ್ತು ಎಂಬುದನ್ನೂ ಹೇಳಿದರು. ನಾದ ಯಾರ ಬಾಯಲ್ಲೂ ಬರಲಿಲ್ಲ. ಆಮೇಲೆ ಅವನು ಕೇಳುವುದನ್ನು ಬಿಟ್ಟ.